ಉಣ್ಣೆಯೊಳಗಿನ ದಾರ

ನನಗಾಗ ಹನ್ನೆರಡು ವರ್ಷ. ಅದಾಗಿ ಐವತ್ತಾರು ವರ್ಷ ಕಳೆದವು. ಆ ವರ್ಷ ನಮ್ಮ ದೊಡ್ಡಪ್ಪ ಬಸಲಿಂಗಪ್ಪನ ಕುರಿಗಳು ಒಂದೂ ಮರಿ ಹಾಕಲಿಲ್ಲ. ನಮ್ಮಿಂದ ಟಗರು ಒಯ್ದಿದ್ದ, ಬರಡು ಎಂದು ಬೈದು ವಾಪಸು ತಂದು ಬಿಟ್ಟ. ಅದೇ ಟಗರಿನಿಂದ ಮುಂದೆ ನಮ್ಮ ಕುರಿಗಳೆಲ್ಲ ಮರಿ ಹಾಕಿದವು. ಹರಕೆ ತೀರಿಸಲಿಲ್ಲವೆಂದು ಬೀರದೇವರು ತನ್ನ ಮೇಲೆ ಮುನಿದ ಎಂದು ಅವನು ಸಾಯುವ ತನಕ ಹೇಳುತ್ತಿದ್ದ. ಬೀರದೇವರಿಗೂ ಅದಕ್ಕೂ ಸಂಬಂಧವಿಲ್ಲ. ಮಾಡಿದವಳು ನಾನು. ಮನಸ್ಸು ಕರಗಿ ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯುವುದು ಬೇಡ. ದೊಡ್ಡಪ್ಪನ ಮೊಮ್ಮಕ್ಕಳು ಈಗ ಕಲ್ಮಲದ ನನ್ನ ಮನೆಗೆ ಕರಿ ಟಗರು ಕೇಳಿಕೊಂಡು ಬರುತ್ತಾರೆ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ‘ಯವ್ವಾ, ಮಳಿಗಾಲ ಯಾವ್ದು ಬ್ಯಾಸಿಗಿ ಯಾವ್ದು ತಿಳೀದಂಗ ಆಗ್ಯಾದ, ನಿನ್ನ ಕುರಿನೇ ತಡ್ಕೊಳ್ತಾವ ನೋಡು’ ಎನ್ನುತ್ತಾರೆ. ಅವರ ಅಜ್ಜ ಈ ಕರಿ ಕುರಿಗೆ ಏನು ಮಾಡಿದ, ನಾನು ಅವನಿಗೆ ಏನು ಮಾಡಿದೆ ಎಂಬುದು ಅವರಿಗೂ ಗೊತ್ತಿರಲಿ. ಓದಿದ ಮೇಲೂ ಬರುವುದಾದರೆ ಬರಲಿ. ನೋಡಿ ಒಯ್ಯಲಿ.

ನಮ್ಮ ಮನೆ ಇದ್ದದ್ದು ದೇವದುರ್ಗದಲ್ಲಿ, ಊರು ಮುಗಿದು ಕಲ್ಲುಗುಡ್ಡ ಶುರುವಾಗುವ ಕಡೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಬಗ್ಗಿಯೇ ಒಳಗೆ ಹೋಗಬೇಕಾದ ಬಾಗಿಲು. ದಾಟಿದರೆ ಪಡಸಾಲೆ. ಎಡಕ್ಕೆ ಅಡುಗೆಮನೆ, ಬಲಕ್ಕೆ ಮರಿಗಳ ಕೋಣೆ. ಇಡೀ ಮನೆಯಲ್ಲಿ ಒಳ್ಳೆಯ ಕೋಣೆ ಎಂದರೆ ಅದೇ. ಮಳೆ ಬಂದರೆ ಅಡುಗೆಮನೆ ಸೋರುತ್ತಿತ್ತು, ಪಡಸಾಲೆ ಸೋರುತ್ತಿತ್ತು, ಅದೊಂದು ಸೋರುತ್ತಿರಲಿಲ್ಲ. ಮಾಳಿಗೆಗೆ ಹೊಸ ಮಣ್ಣು ಹಾಕುವಾಗ ಮೊದಲ ಬುಟ್ಟಿ ಬೀಳುತ್ತಿದ್ದದ್ದು ಅದರ ಮೇಲೆ. ತಾಯಿಕುರಿಗಳು ಗುಡ್ಡಕ್ಕೆ ಮೇಯಲು ಹೋದಾಗ ಎಳೆ ಮರಿಗಳು ದಿನವಿಡೀ ಅಲ್ಲಿರುತ್ತಿದ್ದವು. ಸಂಜೆ ಹಿಂಡು ಓಣಿಯ ಬಾಯಿಗೆ ಬಂದದ್ದೇ ತಡ, ಒಳಗಿಂದ ಅರಚಾಟ ಶುರು. ಬಾಗಿಲು ತೆಗೆದರೆ ನಮ್ಮ ಕಾಲ ಸಂದಿಯಲ್ಲೇ ನುಗ್ಗಿ ಹೋಗಿ, ಒಂದೂ ತಪ್ಪದೆ ತನ್ನ ತನ್ನ ತಾಯಿಯ ಕೆಳಗೆ ಮೊಣಕಾಲೂರುತ್ತಿದ್ದವು. ಚಳಿಗಾಲದಲ್ಲಿ ನಾವು ಮಕ್ಕಳು ಆ ಕೋಣೆಯ ಗೋಡೆಗೆ ಬೆನ್ನು ಹಚ್ಚಿ ಮಲಗುತ್ತಿದ್ದೆವು, ಗೋಡೆ ಬೆಚ್ಚಗಿರುತ್ತಿತ್ತು. ಮನೆಯ ವಾಸನೆ ಎಂದರೆ ಮರಿಗಳ ಉಚ್ಚೆ, ಹಸಿ ಉಣ್ಣೆ, ಕಂಬಳಿಗೆ ಬಳಿಯಲು ಕುದಿಸುವ ಹುಣಸೆಬೀಜದ ಗಂಜಿ. ಈಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಎಂದೂ ಮುಚ್ಚಿಕೊಂಡವಳಲ್ಲ, ಹಾಗಂತ ಅದನ್ನು ನೆನೆಸಿಕೊಂಡು ಕಣ್ಣೀರು ಹಾಕುವವಳೂ ಅಲ್ಲ. ಉಚ್ಚೆ ಉಚ್ಚೆಯೇ.

ಮನೆಗೆ ಹಿರಿಯ ದೊಡ್ಡಪ್ಪ. ನಡುಗಂಬಕ್ಕೆ ಒರಗಿ ಕೂರುವ ಜಾಗ ಅವನದು, ಅವನಿಲ್ಲದಾಗಲೂ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ನನ್ನ ಅಪ್ಪ ಅವನ ತಮ್ಮ. ಅಣ್ಣನ ಮುಂದೆ ಅಪ್ಪ ತಲೆಯೆತ್ತಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಆಯಿ, ಅಂದರೆ ಅವರಿಬ್ಬರ ತಾಯಿ, ಹೊಸ್ತಿಲ ಬಳಿ ಕೂತು ಒಳಗೆ ಬರುವವರನ್ನೂ ಹೊರಗೆ ಹೋಗುವವರನ್ನೂ ಬೈಯುತ್ತಿದ್ದಳು. ಗಂಡನ ಅಣ್ಣನ ಜೊತೆ ಹೆಂಗಸು ನೇರ ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಸೆರಗು ಹಣೆಯ ತನಕ ಎಳೆದುಕೊಂಡು, ದೊಡ್ಡಪ್ಪನಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದಳು. ಮೂವರೂ ಕೈಗೆ ಕೈ ತಾಗುವಷ್ಟು ಹತ್ತಿರವಿದ್ದರೂ ಮಾತು ನನ್ನ ಬಾಯಿಂದಲೇ ಹೋಗಬೇಕು.

‘ಅಮರಿ, ನಿಮ್ಮ ದೊಡ್ಡಪ್ಪಗ ಕೇಳು, ಇನ್ನೊಂದು ರೊಟ್ಟಿ ಹಾಕ್ಲೇನು.’

‘ದೊಡ್ಡಪ್ಪಾ, ಇನ್ನೊಂದು ರೊಟ್ಟಿ ಹಾಕ್ಲೇನಂತ.’

‘ಬ್ಯಾಡನ್ನು. ನಿಮ್ಮವ್ವನ ರೊಟ್ಟಿ ತಿಂದು ದವಡಿ ನೋಯಾಕತ್ತಾದ ಅನ್ನು.’

ಇಂಥದ್ದನ್ನು ಕೇಳಿಸಿಕೊಂಡೂ ಅವ್ವ ಮತ್ತೆ ಬಡಿಯಲು ಕೂರುತ್ತಿದ್ದಳು. ಹಿಟ್ಟಿನ ಮೇಲೆ ಬೀಳುವ ಅವಳ ಅಂಗೈ ಸದ್ದು ಮಾತ್ರ ಜೋರಾಗುತ್ತಿತ್ತು.

ಅವ್ವನ ತವರು ಮಾನ್ವಿ ಕಡೆಯ ಹಿರೇಕೊಟ್ನೆಕಲ್. ಮದುವೆಯಲ್ಲಿ ಅವಳ ಅಪ್ಪ ಬಳುವಳಿಯಾಗಿ ಕರಿ ಕುರಿಗಳನ್ನು ಹೊಡೆದು ಕಳಿಸಿದ್ದ. ಆ ಕುರಿಗಳೂ, ಅವುಗಳ ಹೊಟ್ಟೆಯಲ್ಲಿ ಹುಟ್ಟಿದವೂ ಹೆಣ್ಣುಮಗಳವೇ ಎಂಬುದು ನಮ್ಮಲ್ಲಿ ನಡೆದು ಬಂದ ಮಾತು. ಗಿಡ್ಡ ಕುರಿ, ಕಪ್ಪು ಮೈ, ಕೈ ಹಾಕಿದರೆ ಬೆರಳು ಕಾಣದಷ್ಟು ಒತ್ತಾದ ಉಣ್ಣೆ. ನೋಡಲು ಚೆಂದವೇನಲ್ಲ. ಅವುಗಳ ಪೈಕಿ ಹುಟ್ಟಿ ಬೆಳೆದ ಟಗರಿಗೆ ಆಯಿ ‘ಗೌಡ’ ಎಂದು ಹೆಸರಿಟ್ಟಿದ್ದಳು, ನಡೆಯುವ ಗತ್ತು ನೋಡಿ. ಗೌಡನ ಹೊಟ್ಟೆಯ ಕೆಳಗೆ, ಅವನ ಗಂಡು ಅಂಗ ಒಳಗಿರುವ ಚರ್ಮದ ತುದಿಗೆ, ಅವ್ವ ಒಂದು ಬಿಳಿ ನೂಲಿನ ದಾರ ಕಟ್ಟಿರುತ್ತಿದ್ದಳು. ಉಚ್ಚೆ ಹೋಗಬೇಕು, ಅಂಗ ಹೊರಗೆ ಬರಬಾರದು, ಅಷ್ಟು ಬಿಗಿ. ದಾರ ಇರುವ ತನಕ ಟಗರು ಎಷ್ಟು ಹಾರಿದರೂ ಕುರಿ ಗಬ್ಬಾಗುವುದಿಲ್ಲ. ಬಿಚ್ಚಿದ ಮೇಲೆ ಐದು ತಿಂಗಳಿಗೆ ಮರಿ. ಹಾಗಾಗಿ ಯಾವ ಮಳೆಗೆ ದಾರ ಬಿಚ್ಚಬೇಕು ಎಂಬುದು ಕುರಿ ಸಾಕಿದವರ ಮನೆಯಲ್ಲಿ ಸಣ್ಣ ಮಾತಲ್ಲ.

ಆಯಿಯ ಕಾಲದಲ್ಲಿ ಮುಂಗಾರಿ ಶುರುವಿನ ಮಿರಗದ ಮಳೆ ಬಿದ್ದ ಕೂಡಲೇ ಬಿಚ್ಚುತ್ತಿದ್ದರು, ದೀಪಾವಳಿ ಹೊತ್ತಿಗೆ ಮರಿ. ಆದರೆ ಅವ್ವ ಸೊಸೆಯಾಗಿ ಬಂದ ಮೇಲಿನ ವರ್ಷಗಳಲ್ಲಿ ಮಿರಗ ಒಣಗಿಯೇ ಹೋಗತೊಡಗಿತ್ತು, ಹಿಂಗಾರಿಯ ಜಿಟಿಜಿಟಿ ದೀಪಾವಳಿ ದಾಟಿದರೂ ನಿಲ್ಲುತ್ತಿರಲಿಲ್ಲ. ಹುಟ್ಟಿದ ಮರಿ ಕೆಸರಿಗೆ ಬಿದ್ದು, ತಾಯಿ ನೆಕ್ಕಿ ಒಣಗಿಸುವ ಮೊದಲೇ ತಣ್ಣಗಾಗುತ್ತಿತ್ತು. ಅವ್ವ ತನ್ನ ಕುರಿಗಳ ಮಟ್ಟಿಗೆ ದಾರ ಬಿಚ್ಚುವುದನ್ನು ಒಂದೂವರೆ ತಿಂಗಳು ತಡವಾಗಿ ಬರುವ ಪುಷ್ಯ ಮಳೆಗೆ ಮುಂದೂಡಿದಳು. ಮರಿಗಳು ಜಿಟಿಜಿಟಿ ನಿಂತು ನೆಲ ಗಟ್ಟಿಯಾದ ಮೇಲೆ ಹುಟ್ಟಿದವು, ಉಳಿದವು. ಆಯಿ ಮೊದಲು ಜಗಳ ತೆಗೆದಳು. ದೀಪಾವಳಿಗೆ ಹಟ್ಟಿಯಲ್ಲಿ ಕುರಿಯ ಹಾಲನ್ನು ಹೊಸ ಗಡಿಗೆಯಲ್ಲಿ ಉಕ್ಕಿಸಿ, ಅದು ಚೆಲ್ಲಿದ ದಿಕ್ಕು ನೋಡಿ ಮುಂದಿನ ಮಳೆ ಹೇಳುವುದು ಅವಳ ಹಕ್ಕಾಗಿತ್ತು.

‘ಹಾಲು ಮೂಡಣಕ್ಕ ಉಕ್ಕ್ಯಾದ. ಮಿರಗ ಸುರೀತದಂತ ದೇವ್ರು ಹೇಳ್ಯಾನ. ನೀ ಪುಷ್ಯ ಅಂತಿ. ದೇವ್ರಿಗಿಂತ ದೊಡ್ಡಾಕಿ ಏನು ನೀ?’

‘ಅತ್ತಿ, ಮೂಡಣ ಮಗ್ಗಲಕ ಕಟಗಿ ಬಕ್ಕಳ ತುರುಕೀರಿ. ಉರಿ ಇದ್ದ ಕಡಿ ಹಾಲು ಉಕ್ಕ್ತದ.’

ಆಯಿ ಗಡಿಗೆ ನೋಡಿದಳು, ಒಲೆ ನೋಡಿದಳು, ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕುಬಿಟ್ಟಳು. ಮುಂದಿನ ವರ್ಷ ಪುಷ್ಯ ಮಳೆ ಹತ್ತಿದಾಗ ಕತ್ತರಿ ತಂದುಕೊಟ್ಟವಳೇ ಆಯಿ. ಉಣ್ಣೆಯೊಳಗೆ ಆಡಲು ಸಣ್ಣ ಕೈ ಬೇಕು, ಗೌಡ ನನ್ನನ್ನು ಒದೆಯುತ್ತಲೂ ಇರಲಿಲ್ಲ. ದಾರ ಕಟ್ಟುವುದು, ಬಿಚ್ಚುವುದು ನನ್ನ ಕೆಲಸವಾಯಿತು.

ಯಾವಾಗ ಮರಿ ಹುಟ್ಟಬೇಕೆಂದು ಬಾಗಿಲ ಮರೆಯಲ್ಲಿ ನಿಂತ ಹೆಂಗಸು ಹೇಳುವುದು ದೊಡ್ಡಪ್ಪನಿಗೆ ನುಂಗಲಾರದ ತುತ್ತಾಯಿತು. ನನಗೆ ಹತ್ತು ವರ್ಷವಿದ್ದಾಗ ರಾಯ್ಚೂರು ಸಂತೆಗೆ ಹೋದವನು ಎರಡು ಬಿಳಿ ಟಗರು ಹೊಡೆದುಕೊಂಡು ಬಂದ. ನದಿಯಾಚೆ ತೆಲುಗು ಸೀಮೆಯವು. ಉದ್ದ ಕಾಲು, ಎತ್ತರ ಬೆನ್ನು, ಮೈಮೇಲೆ ಉಣ್ಣೆಯೇ ಇಲ್ಲ, ಮೇಕೆಯ ಹಾಗೆ ಬರೀ ಕೂದಲು. ಕಸಾಯಿಯವರು ಅಂಥವನ್ನೇ ಕೇಳುತ್ತಿದ್ದರು, ಕಂಬಳಿ ಕೇಳುವವರು ಕಡಿಮೆಯಾಗಿದ್ದರು, ಅದೂ ನಿಜ. ದೊಡ್ಡಪ್ಪ ದಡ್ಡನೇನಲ್ಲ. ದಡ್ಡನಾಗಿದ್ದರೆ ನಾನು ಬಿಟ್ಟುಬಿಡುತ್ತಿದ್ದೆ. ಅವತ್ತು ಉಣ್ಣುವಾಗ, ಪುಂಡಿಪಲ್ಯ ಹಚ್ಚಿಕೊಂಡ ರೊಟ್ಟಿ ಕೈಯಲ್ಲಿ ಹಿಡಿದೇ ಶುರು ಮಾಡಿದ.

‘ಅಮರಿ, ನಿಮ್ಮವ್ವಗ ಹೇಳು. ಈ ವರ್ಷದಿಂದ ಎಲ್ಲಾ ಕುರಿಗೂ ಬಿಳಿ ಟಗರೇ. ಕರೀದು ಸಾಕಾತು.’

‘ನಿಮ್ಮ ದೊಡ್ಡಪ್ಪಗ ಹೇಳು, ಥಂಡಿ ಮಳಿ ಹೊಡದ್ರ ಅವು ನಿಂದ್ರಂಗಿಲ್ಲ. ಹಿಂಗಾರಿ ಮೊದಲಿನಂಗ ಉಳದಿಲ್ಲ.’

‘ನಿಮ್ಮವ್ವಗ ಕೇಳು, ಮಳಿರಾಯ ಏನು ಆಕಿ ತವರುಮನ್ಯಾಂವೇನು, ಎಲ್ಲಾ ಆಕಿಗೆ ಹೇಳೇ ಬರಾಕ?’

ದೊಡ್ಡವ್ವ, ಅಂದರೆ ಅವನ ಹೆಂಡತಿ, ಕಿಸಕ್ಕನೆ ನಕ್ಕಳು. ಅಪ್ಪ ತಾಟಿನಲ್ಲಿ ಏನೋ ಹುಡುಕುತ್ತಿದ್ದ. ಅವ್ವ ಬಾಗಿಲ ಮರೆಯಿಂದ ಅರ್ಧ ಹೆಜ್ಜೆ ಮುಂದೆ ಬಂದಳು.

‘ನಿಮ್ಮ ದೊಡ್ಡಪ್ಪಗ ಹೇಳು, ಆತನ ಕುರಿಗೆ ಆತ ಏನರೆ ಬಿಡಲಿ. ನನ್ನ ತವರ ಕುರಿ ಮ್ಯಾಲೆ ಬಿಳೀದು ಹತ್ತಬಾರದು.’

ಅದನ್ನು ದಾಟಿಸುವ ಕೆಲಸ ನನಗಿರಲಿಲ್ಲ. ದೊಡ್ಡಪ್ಪ ಅರ್ಧ ರೊಟ್ಟಿ ಬಿಟ್ಟು ತಾಟಿನಲ್ಲೇ ಕೈ ತೊಳೆದು ಎದ್ದ.

ಪುಷ್ಯ ಮಳೆಗೆ ನಾನು ಗೌಡನ ದಾರ ಬಿಚ್ಚಿದ್ದೆ. ಅದಾದ ಸ್ವಲ್ಪ ದಿನಕ್ಕೆ ಅವ್ವ ತವರಿಗೆ ಹೋದಳು. ಅಪ್ಪ ಗುಡ್ಡದಲ್ಲಿದ್ದ. ದೊಡ್ಡಪ್ಪ ಗೌಡನನ್ನು ಮಾತ್ರ ಮನೆ ಮುಂದೆ ಉಳಿಸಿಕೊಂಡಿದ್ದ. ಜೊತೆಗೆ ಓಣಿಯ ಇನ್ನೊಬ್ಬ ಗಂಡಸಿದ್ದ.

‘ಅಮರಿ, ಬಾ ಇಲ್ಲಿ. ಇವನ ಹಿಂಗಾಲಾಗ ಮುಳ್ಳು ಮುರದದ, ತಗೀಬೇಕು. ನೀ ತಲಿ ಹಿಡಿ. ನಿನ್ನ ಮಾತು ಕೇಳ್ತಾನ ಅವ.’

ನಾನು ನೆಲಕ್ಕೆ ಕೂತು ಗೌಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವರು ಕಾಲು ಕಟ್ಟಿದರು. ‘ಬಿಗಿ ಹಿಡಿ’ ಎಂದ. ಬಿಗಿ ಹಿಡಿದೆ. ಗೌಡ ನನ್ನ ಕಡೆ ನೋಡುತ್ತಿದ್ದ, ನಾನು ಅವನ ಕಡೆ ನೋಡುತ್ತಿದ್ದೆ, ಹಿಂದೆ ಏನು ನಡೆದಿದೆ ಎಂದು ನೋಡಲಿಲ್ಲ. ಕಟ್ಟಿಗೆಯ ಮೇಲೆ ಕಟ್ಟಿಗೆ ಬಿದ್ದ ಸದ್ದು ಕೇಳಿತು, ಮತ್ತೊಮ್ಮೆ ಕೇಳಿತು. ಗೌಡ ಅರಚಲಿಲ್ಲ. ಕುರಿಗೆ ಜೋರು ನೋವಾದರೆ ಬಾಯಿ ತೆರೆಯುತ್ತದೆ, ಸದ್ದು ಬರುವುದಿಲ್ಲ. ಅವನ ಬಿಸಿ ಉಸಿರು ನನ್ನ ಮೊಣಕೈಗೆ ಬಡಿಯಿತು. ದೊಡ್ಡಪ್ಪ ಅವನ ಬೀಜ ಒಡೆದಿದ್ದ.

‘ಆತು, ಬಿಡು. ನಿಮ್ಮವ್ವ ಬಂದ್ರ ಹೇಳು, ಇನ್ನ ದಾರ ಕಟ್ಟೂದೂ ಬ್ಯಾಡ, ಬಿಚ್ಚೂದೂ ಬ್ಯಾಡ. ಆಕಿ ಕೆಲಸ ಹಗೂರ ಮಾಡೀನಿ.’

ಇಬ್ಬರೂ ನಕ್ಕರು. ದೊಡ್ಡವರು ಮಕ್ಕಳನ್ನು ಹೊಡೆಯುತ್ತಾರೆ, ಅದು ಮರೆತುಹೋಗುತ್ತದೆ. ನನ್ನ ಕೈಯನ್ನೇ ಹಗ್ಗ ಮಾಡಿಕೊಂಡು ನನ್ನ ಟಗರನ್ನು ಕಟ್ಟಿಹಾಕಿದ್ದು ಮರೆಯುವಂಥದ್ದಲ್ಲ. ನಾನು ಮರೆಯಲಿಲ್ಲ. ಆ ವರ್ಷದ ಕರಿ ಗಂಡುಮರಿಗಳೆಲ್ಲ ಆಗಲೇ ಸಂತೆಗೆ ಹೋಗಿ ಮುಗಿದಿದ್ದವು. ಅವ್ವನ ಕುರಿಗಳ ಪೈಕಿ ಗಂಡೆಂದು ಉಳಿದಿದ್ದವನು ಗೌಡ ಒಬ್ಬನೇ. ಅದು ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ತಳಿಯ ಕುತ್ತಿಗೆ ಎಲ್ಲಿದೆ ಎಂದು ನೋಡಿಯೇ ಕೈ ಹಾಕಿದ್ದ.

ಅವ್ವ ಬಂದಾಗ ಎಲ್ಲ ಹೇಳಿದೆ, ತಲೆ ಹಿಡಿದವಳು ನಾನೇ ಎಂಬುದನ್ನೂ ಹೇಳಿದೆ. ಅವಳು ನನಗೆ ಹೊಡೆಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಹಟ್ಟಿಗೆ ಹೋಗಿ ತನ್ನ ಕರಿ ಕುರಿಗಳನ್ನು ಒಂದೊಂದಾಗಿ ತಡೆದು, ಹಿಂಭಾಗ ನೋಡಿ, ಪಕ್ಕೆಗೆ ಕೈಯಿಟ್ಟು ನೋಡಿ ಬಂದಳು. ‘ಒಂದಷ್ಟು ನಿಂತಾವ’ ಎಂದಳು. ಗಬ್ಬವಾಗಿವೆ ಎಂದರ್ಥ. ಆಮೇಲೆ ಮರಿಗಳ ಕೋಣೆಯ ಒಂದು ಮೂಲೆಯಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹಚ್ಚಿದಳು. ಗುಡ್ಡದಿಂದ ಬಂದ ಅಪ್ಪ ಎರಡು ಕಡೆ ಹೊಗೆ ನೋಡಿ ಅಂಗಳದಲ್ಲೇ ನಿಂತ.

‘ಅಣ್ಣ ಏನಂತಾನೋ’ ಎಂದ.

‘ಅಣ್ಣನ ಒಲಿ ಆ ಕಡಿ ಅದ. ಬೇಕಾದ್ರ ಅಲ್ಲೇ ಉಣ್ರಿ’ ಎಂದಳು ಅವ್ವ.

ಅಪ್ಪ ನಮ್ಮ ಕಡೆ ಬಂದು ಕೂತ. ಕುರಿಗಳ ಹಟ್ಟಿಯೂ ಬೇರೆಯಾಯಿತು. ಆಯಿ ಮಾತ್ರ ಅವತ್ತಿನಿಂದ ಒಂದು ರೊಟ್ಟಿ ಆ ಒಲೆಯದು, ಒಂದು ರೊಟ್ಟಿ ಈ ಒಲೆಯದು ಎಂದು ತಿನ್ನತೊಡಗಿದಳು, ಎರಡರಲ್ಲೂ ತಪ್ಪು ತೆಗೆದಳು. ಗೌಡನ ಗಾಯ ಒಣಗುವುದನ್ನೂ ಕಾಯದೆ ದೊಡ್ಡಪ್ಪ ಅವನನ್ನು ರಾಯ್ಚೂರಿಗೆ ಹೊಡೆದುಕೊಂಡು ಹೋಗಿ ಕಸಾಯಿಗೆ ಕೊಟ್ಟು ಬಂದ. ಒಂದೇ ಮಾಳಿಗೆಯ ಕೆಳಗೆ ಎರಡು ಹೊಗೆಯ ಆ ಮನೆಯಲ್ಲೇ ನಾನು ನಾನಾದೆ. ಅವ್ವ ಕೂಗಾಡಲಿಲ್ಲ. ಬಾಗಿಲ ಬಳಿ ಕೂತು ತಕಲಿ ತಿರುಗಿಸುತ್ತ ಗೌಡನ ಕೊನೆಯ ಉಣ್ಣೆಯನ್ನು ನೂಲುತ್ತಿದ್ದಳು, ದೊಡ್ಡಪ್ಪ ಹಾದುಹೋದರೆ ತಕಲಿ ನಿಲ್ಲುತ್ತಿರಲಿಲ್ಲ. ಸಿಟ್ಟನ್ನು ಒದರಿ ಖಾಲಿ ಮಾಡಬಾರದು, ನೂತು ಸುತ್ತಿಟ್ಟುಕೊಳ್ಳಬೇಕು ಎಂದು ನಾನು ಕಲಿತದ್ದು ಹಾಗೆ.

ಚಳಿಗಾಲಕ್ಕೆ ಕರಿ ಕುರಿಗಳು ಮರಿ ಹಾಕಿದವು. ಹೆಣ್ಣು, ಹೆಣ್ಣು, ಮತ್ತೆ ಹೆಣ್ಣು. ಕೊನೆಯ ಕುರಿ ಗಂಡು ಹಾಕಿತು. ಅವ್ವ ಅದು ಎದ್ದು ನಿಂತ ಕೂಡಲೇ ಕಿವಿಗೆ ತನ್ನ ತವರಿನ ಗುರುತಿನ ಕಚ್ಚು ಹಾಕಿದಳು. ಗಿಣ್ಣ ಕಾಸಿ ಓಣಿಗೆಲ್ಲ ಹಂಚಿದಳು, ದೊಡ್ಡಪ್ಪನ ಒಲೆಗೂ ಕಳಿಸಿದಳು. ಅವನು ಗಿಣ್ಣ ತಿಂದು, ಬಟ್ಟಲು ಹಿಡಿದುಕೊಂಡೇ ಮರಿಗಳ ಕೋಣೆಯೊಳಗೆ ಇಣುಕಿದ.

‘ನಿಮ್ಮವ್ವಗ ಹೇಳು, ಗಂಡು ಹುಟ್ಟ್ಯಾದಂತ ಕೇಳೀನಿ. ದೊಡ್ಡದಾದ ಮ್ಯಾಲೆ ನನ್ನ ಕಡಿ ಕಳ್ಸು, ಅವ್ರಪ್ಪಗ ಮಾಡಿದಂಗ ಇದಕ್ಕೂ ಮಾಡ್ತೀನಿ.’

‘ನೀನೇ ಹೇಳು ದೊಡ್ಡಪ್ಪಾ, ಅವ್ವ ಇಲ್ಲೇ ಅದಾಳ’ ಎಂದೆ. ಮಾತು ದಾಟಿಸಲು ನಾನು ಒಲ್ಲೆನೆಂದದ್ದು ಅದೇ ಮೊದಲು. ಆ ಮರಿಗೆ ಸಣ್ಣಗೌಡ ಎಂದು ಹೆಸರಾಯಿತು. ಅದು ಕಣ್ಣಿಗೆ ಕಾಣದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಪ್ರೀತಿಯೇನಲ್ಲ, ಕಾವಲು.

ಮರುವರ್ಷ ದೊಡ್ಡಪ್ಪನ ಬಿಳಿ ಟಗರಿನ ಮರಿಗಳು ಎತ್ತರವಾಗಿ ಬೆಳೆದವು. ಓಣಿಯೆಲ್ಲ ಹೊಗಳಿತು, ಓಣಿಯವರೂ ತಮ್ಮ ಕುರಿಗೆ ಬಿಳಿ ಟಗರನ್ನೇ ಬಿಡಿಸಿಕೊಂಡರು. ಸುಗ್ಗಿ ಮುಗಿದಾಗ ಎಲ್ಲರ ಹಿಂಡುಗಳು ಪೋತ್ನಾಳದ ಗದ್ದೆಗಳ ಕಡೆ ಇಳಿದವು. ನೆಲ್ಲು ಕೊಯ್ದ ಗದ್ದೆಯಲ್ಲಿ ಕುರಿ ಮಲಗಿಸಿದರೆ ಹಿಕ್ಕೆ ಗೊಬ್ಬರವಾಗುತ್ತದೆಂದು ರೈತರು ಕರೆಯುತ್ತಿದ್ದರು. ಆ ವರ್ಷ ಅವ್ವನೂ ನಾನೂ ಹೋಗಿದ್ದೆವು. ಮಳೆ ಮುಗಿದು ಎಷ್ಟೋ ದಿನವಾಗಿತ್ತು, ಆಕಾಶ ಬೆಳ್ಳಗಿತ್ತು. ಒಂದು ಬೆಳಿಗ್ಗೆ ಮೂಡಣದಿಂದ ತಣ್ಣನೆ ಗಾಳಿ ಎದ್ದು, ಮಧ್ಯಾಹ್ನಕ್ಕೆ ಮಳೆ ಹಿಡಿಯಿತು. ಅಂಥ ಕಾಲದಲ್ಲಿ ಅಂಥ ಮಳೆ ನಾವು ಕಂಡಿರಲಿಲ್ಲ. ಈಗ ಅದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಅವ್ವ ಗಾಳಿ ಎದ್ದಾಗಲೇ ನಮ್ಮ ಕುರಿಗಳನ್ನು ಗದ್ದೆಯಿಂದ ಎತ್ತಿ ಕಾಲುವೆಯ ಏರಿಗೆ ಹೊಡೆಸಿದ್ದಳು. ಮರಿಗಳು ನಡುವೆ, ದೊಡ್ಡವು ಸುತ್ತ, ಎಲ್ಲದರ ಬೆನ್ನು ಗಾಳಿಗೆ. ನೀರು ಉಣ್ಣೆಯ ತುದಿಯಿಂದ ಜಾರಿ ಬೀಳುತ್ತಿತ್ತು, ಕೈ ಹಾಕಿ ನೋಡಿದರೆ ಬುಡದಲ್ಲಿ ಚರ್ಮ ಒಣಗಿಯೇ ಇತ್ತು. ದೊಡ್ಡಪ್ಪನ ಬಿಳಿ ಕುರಿಗಳು ಗದ್ದೆಯ ಕೆಸರಿನಲ್ಲೇ ನಡುಗುತ್ತ ನಿಂತವು. ಆಮೇಲೆ ಒಂದು ಕೂತಿತು, ಅದನ್ನು ನೋಡಿ ಇನ್ನೊಂದು ಕೂತಿತು. ಕೂತದ್ದು ಏಳಲಿಲ್ಲ.

ಅವನು ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದ, ಕಿವಿ ಹಿಡಿದು ಎಬ್ಬಿಸುತ್ತಿದ್ದ. ಬಿಳಿ ಕುರಿ ಬಂದ ಮೇಲೆ ಅವನ ಕಡೆ ಹೊಸ ಕಂಬಳಿ ನೇಯ್ದಿರಲಿಲ್ಲ. ಕೊನೆಗೆ ನಾವು ಕಂಬಳಿ ಗೂಡು ಕಟ್ಟಿಕೊಂಡು ಕೂತಿದ್ದ ಏರಿಗೆ ಹತ್ತಿ ಬಂದ. ಹಲ್ಲು ಕಟಕಟ ಎನ್ನುತ್ತಿದ್ದವು.

‘ಅಮರಿ, ನಿಮ್ಮವ್ವಗ ಹೇಳು, ಕಂಬಳಿ ಇದ್ರ ಕೊಡಂತ. ಟಗರಿನ ಮ್ಯಾಲರೆ ಹೊಚ್ಚತೀನಿ.’

ಅವ್ವ ಎದ್ದು ನಿಂತಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು.

‘ಇದು ಯಾರ ಉಣ್ಣಿ ಗೊತ್ತದ ಏನ್ರಿ ನಿಮಗ? ನೀವು ಬೀಜ ಒಡದ್ರೆಲ್ಲ, ಅವನ ಉಣ್ಣಿ ಇದು. ಕೊಡಂಗಿಲ್ಲ. ಸತ್ತವುಗಳ ತೊಗಲು ಸುಲದು ಇದ್ದವಕ್ಕ ಹೊಚ್ಚ್ರಿ.’

ಅಪ್ಪನ ಮನಸ್ಸು ತಡೆಯಲಿಲ್ಲ, ಮಡಿಸಿಟ್ಟ ಕಂಬಳಿಗೆ ಕೈ ಹಾಕಿದ. ನಾನು ಅದರ ಮೇಲೆ ಕೂತುಬಿಟ್ಟೆ. ಅಪ್ಪ ನನ್ನನ್ನು ನೋಡಿ ಕೈ ಹಿಂದೆ ತೆಗೆದುಕೊಂಡ. ಮಳೆ ನಿಂತಾಗ ಎರಡೂ ಬಿಳಿ ಟಗರು ಕಾಲು ಚಾಚಿ ಬಿದ್ದಿದ್ದವು, ಅವುಗಳ ಮರಿಗಳೂ ಬಹಳಷ್ಟು ಹೋದವು. ಓಣಿಯವರದೂ ಅದೇ ಗತಿ. ದೊಡ್ಡಪ್ಪನಿಗೆ ಉಳಿದದ್ದು ಹಳೆಯ ಕರಿ ತಾಯಿಕುರಿಗಳು.

ಅವ್ವನ ಸೇಡು ಆ ಏರಿಯ ಮೇಲೆ ತೀರಿತು. ಆಮೇಲೆ ಅವಳು ಚೆನ್ನಾಗಿ ಉಣ್ಣತೊಡಗಿದಳು, ದೊಡ್ಡವ್ವನ ಜೊತೆ ಎರಡು ಮಾತು ಆಡತೊಡಗಿದಳು. ನನ್ನದು ತೀರಲಿಲ್ಲ. ಮಳೆ ಮಾಡಿದ್ದು ಮಳೆಯ ಕೆಲಸ, ಅದರಲ್ಲಿ ನನ್ನದೇನಿತ್ತು. ಅವನು ಬಳಸಿಕೊಂಡದ್ದು ನನ್ನ ಕೈ.

ನನಗೆ ಹನ್ನೆರಡು ತುಂಬಿದ ಮುಂಗಾರಿಯಲ್ಲಿ ಪುಷ್ಯ ಮಳೆ ಹತ್ತಿತು. ಸಣ್ಣಗೌಡ ಆಗ ಕೊಂಬು ಸುತ್ತಿದ ಟಗರು. ಓಣಿಯಲ್ಲಿ ಬೀಜಕ್ಕೆ ಲಾಯಕ್ಕಾದ ಟಗರು ಅವನೊಬ್ಬನೇ. ದೊಡ್ಡಪ್ಪ ಮೊದಲು ಆಯಿಯನ್ನು ಕಳಿಸಲು ನೋಡಿದ. ಆಯಿ ‘ನನ್ನ ಬಾಯಿ ಯಾಕ, ನಿನಗ ಬಾಯಿಲ್ಲೇನು’ ಎಂದು ಅಲ್ಲೇ ಕೂತಳು. ಸಂಜೆ ಅವನೇ ಬಂದ. ನಡುಗಂಬ ಬಿಟ್ಟು ನಮ್ಮ ಒಲೆಯ ಮುಂದೆ ನೆಲದ ಮೇಲೆ ಕೂತ.

‘ಅಮರಿ, ನಿಮ್ಮವ್ವಗ ಹೇಳು, ಟಗರು ಬೇಕಾಗ್ಯಾದ. ತಿಂಗಳ ಬಿಟ್ಟು ಹುಬ್ಬಿ ಮಳಿಗೆ ವಾಪಸ್ ತಂದು ಬಿಡ್ತೀನಿ.’

ಅವ್ವ ತಕಲಿ ನಿಲ್ಲಿಸಿದಳು. ಟಗರು, ಬೆಂಕಿ, ಹೆಪ್ಪು, ಇವನ್ನು ಕೇಳಿ ಬಂದವರಿಗೆ ಕುರಿ ಸಾಕಿದ ಮನೆಯಲ್ಲಿ ಇಲ್ಲ ಎನ್ನುವುದಿಲ್ಲ. ವೈರಿಯಾದರೂ ಸರಿ. ಅವನು ಅದನ್ನು ನಂಬಿಕೊಂಡೇ ಬಂದಿದ್ದ.

‘ನಾಳಿ ಮುಂಜಾನಿ ಬಂದು ಒಯ್ಯಲಿ ಅನ್ನು.’

ಅಷ್ಟಕ್ಕೆ ಎದ್ದು ಹೋಗಿದ್ದರೆ ಏನಾಗುತ್ತಿತ್ತೋ. ಎದ್ದವನು ತಿರುಗಿ ನಿಂತ. ಮುಖದಲ್ಲಿ ಆ ಹಳೆಯ ನಗೆ ಬಂದಿತ್ತು.

‘ದಾರ ನನ್ನ ಕಣ್ಮುಂದೇ ಬಿಚ್ಚಬೇಕು ಮತ್ತ. ದಾರ ಇದ್ದ ಟಗರು ಒಯ್ದು ವರ್ಷ ಕಳ್ಕೊಳ್ಳಾಂವ ಅಲ್ಲ ನಾ. ಹೆಂಗಸರ ಸಿಟ್ಟು ನನಗ ಗೊತ್ತದ.’

ಅವನು ಹೋದ ಮೇಲೆ ಕೇಳಿದೆ.

‘ಖರೇನೇ ಕೊಡ್ತೀ ಏನವ್ವಾ?’

‘ನಾಳಿ ನಮ್ಮದು ಸತ್ರ ನಾವು ಯಾರ್ನ ಕೇಳೂದು? ಕೊಡಬೇಕು. ಕುರಿ ಏನ್ ಮಾಡ್ಯಾವ ಪಾಪ.’

ಅವ್ವನ ಮಾತು ಸರಿಯಾಗಿಯೇ ಇತ್ತು. ಇಂದಿಗೂ ನಾನು ಅದೇ ಮಾತಿನಂತೆ ನಡೆಯುತ್ತೇನೆ, ಕೇಳಿದವರಿಗೆ ಟಗರು ಕೊಡುತ್ತೇನೆ. ಈಗ ಪುಷ್ಯ ಮಳೆಯನ್ನೂ ನಂಬುವಂತಿಲ್ಲ, ಮಳೆಯ ಹೆಸರು ಬಿಟ್ಟು ಗುಡ್ಡದ ಹುಲ್ಲು ನೋಡಿ ದಾರ ಬಿಚ್ಚುತ್ತೇನೆ, ಯಾವಾಗ ಬಿಚ್ಚಬೇಕೆಂದು ಕೇಳಿದವರಿಗೂ ಹೇಳುತ್ತೇನೆ. ಆದರೆ ಅವತ್ತು ಅವ್ವನ ಸರಿ ನನಗೆ ಬೇಕಿರಲಿಲ್ಲ. ಅವಳ ಬುಟ್ಟಿಯಲ್ಲಿ ಗೌಡನ ಉಣ್ಣೆ ನೂಲಿನದೊಂದು ಸಣ್ಣ ಉಂಡೆ ಉಳಿದಿತ್ತು. ಗೇಣುದ್ದ ಕಡಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಸ್ನಾನ ಮಾಡಿ, ಹಣೆಗೆ ಭಂಡಾರ ಹಚ್ಚಿಕೊಂಡು, ಕೈಯಲ್ಲಿ ಹಗ್ಗ ಹಿಡಿದು ಬಂದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆಯಿ ಹೊಸ್ತಿಲ ಬಳಿ ಕೂತಿದ್ದಳು. ಅವನು ಸಣ್ಣಗೌಡನ ಬಾಯಿ ಬಿಡಿಸಿ ಹಲ್ಲು ನೋಡಿದ, ಕೊಂಬು ಅಲ್ಲಾಡಿಸಿದ, ಗೊರಸು ನೋಡಿದ, ಹಿಂದೆ ಹೋಗಿ ಬೀಜ ಹಿಡಿದು ನೋಡಿ ‘ಬರೋಬ್ಬರಿ ಅದಾನ’ ಎಂದ. ಹೊಟ್ಟೆಯ ಕೆಳಗೆ ಬಗ್ಗಿ ಬಿಳಿ ದಾರ ನೇತಾಡುವುದನ್ನೂ ನೋಡಿದ. ಎರಡು ವರ್ಷ ಉಣ್ಣೆಯಿಲ್ಲದ ಕುರಿ ಸಾಕಿದ್ದ, ಉಣ್ಣೆ ಏನೇನು ಮುಚ್ಚುತ್ತದೆ ಎಂಬುದು ಅವನಿಗೆ ಮರೆತಿತ್ತು.

‘ಹೂಂ, ಬಿಚ್ಚು’ ಎಂದ.

‘ಇವ ಒದೀತಾನ. ನೀ ತಲಿ ಹಿಡಿ ದೊಡ್ಡಪ್ಪಾ.’

ಅವನು ನೆಲಕ್ಕೆ ಕೂತು ಸಣ್ಣಗೌಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

‘ಬಿಗಿ ಹಿಡಿ’ ಎಂದೆ.

ಬಿಗಿ ಹಿಡಿದ. ನಾನು ಕತ್ತರಿ ತೆಗೆದುಕೊಂಡು ಹೊಟ್ಟೆಯ ಕೆಳಗೆ ತೂರಿದೆ. ಸೊಂಟದ ಕರಿ ನೂಲು ತೆಗೆದು, ಬಿಳಿ ದಾರಕ್ಕಿಂತ ಮೇಲೆ, ಉಣ್ಣೆಯ ಬುಡಕ್ಕೆ, ಉಚ್ಚೆ ಹೋಗುವಷ್ಟು ಬಿಟ್ಟು ಕಟ್ಟಿದೆ. ಎರಡು ಗಂಟು ಹಾಕಿದೆ. ಉಣ್ಣೆಯನ್ನು ಬೆರಳಿನಿಂದ ಬಿಡಿಸಿ ಅದರ ಮೇಲೆ ಇಳಿಬಿಟ್ಟೆ. ಆಮೇಲೆ ಕಚ್ಚಕ್ಕನೆ ಸದ್ದಾಗುವ ಹಾಗೆ ಬಿಳಿ ದಾರ ಕತ್ತರಿಸಿದೆ. ಹೊರಗೆ ಬಂದು ಅದನ್ನು ಅವನ ಅಂಗೈಗೆ ಹಾಕಿದೆ. ಅವನು ಆ ದಾರವನ್ನು ಬೆಳಕಿಗೆ ಹಿಡಿದು ನೋಡಿದ, ನಕ್ಕ, ಬೆರಳಿಗೆ ಸುತ್ತಿಕೊಂಡ, ಹಗ್ಗ ಹಾಕಿ ಟಗರನ್ನು ಹೊಡೆದುಕೊಂಡು ಹೋದ. ಹೊಸ್ತಿಲಲ್ಲಿ ಆಯಿ ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಕರಿ ಉಣ್ಣೆಯ ಎಳೆ ಸಿಕ್ಕಿಕೊಂಡಿತ್ತು.

‘ಕೈ ತೊಳಕೊಂಡು ಬಾ. ರೊಟ್ಟಿ ಆರಾಕತ್ತಾವ’ ಎಂದಳು.

ತೊಳೆದುಕೊಂಡು ಹೋಗಿ ಮೂರು ರೊಟ್ಟಿ ತಿಂದೆ.